ಕೆರೆ ಏರಿಯ ವೀರಗಲ್ಲು: ದೇವಸ್ಥಾನದ ಅಂಗಳಕ್ಕೆ ಸಾಗಿಸುವುದೋ, ನಿಂತಲ್ಲೇ ಕಾಯುವುದೋ?

ಕೆರೆಬಯಲು (ಚರ್ಚೆ ಆರಂಭಿಸಿದವರು):

ನಮ್ಮೂರು ತುಮಕೂರು ಜಿಲ್ಲೆಯ ಒಂದು ಸಣ್ಣ ಗ್ರಾಮ. ಕೆರೆ ಏರಿಯ ಕೆಳಗೆ, ತೂಬಿನಿಂದ ಸ್ವಲ್ಪ ದೂರದಲ್ಲಿ, ಆಳೆತ್ತರದ ಒಂದು ವೀರಗಲ್ಲು ಇದೆ. ಊರಿನವರು ಅದನ್ನು ಬೀರಪ್ಪ ಎಂದು ಕರೆದು ಯುಗಾದಿಯಂದು ಎಣ್ಣೆ ಹಚ್ಚಿ ಹೂವೇರಿಸುತ್ತಾರೆ. ಉಳಿದ ದಿನಗಳಲ್ಲಿ ಅದರ ಬಗಲಲ್ಲಿ ಎಮ್ಮೆ ಕಟ್ಟುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬ ವೀರ ಮತ್ತು ಅವನ ಹಿಂದೆ ದನಗಳ ಸಾಲು, ನಡುವಿನದರಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ಸ್ತ್ರೀಯರು, ಮೇಲೆ ಲಿಂಗದ ಮುಂದೆ ಕುಳಿತ ಆಕೃತಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿವೆ. ಕೊನೆಯ ಸಾಲು ಮಣ್ಣಿನೊಳಗೆ ಹೂತಿದೆ.

ಈಗ ಏರಿಯ ರಸ್ತೆಯನ್ನು ಅಗಲಗೊಳಿಸುವ ಕೆಲಸ ಮಂಜೂರಾಗಿದೆ. ಕಲ್ಲನ್ನು ಯಂತ್ರದಿಂದ ಎತ್ತಿ ದೇವಸ್ಥಾನದ ಅಂಗಳದಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ನಿಲ್ಲಿಸಿಕೊಡುವುದಾಗಿ ಗುತ್ತಿಗೆದಾರರು ಹೇಳುತ್ತಿದ್ದಾರೆ. ಯುವಕ ಸಂಘದವರು ಅದಕ್ಕೆ ಬಣ್ಣ ಬಳಿಸಿ ಕಬ್ಬಿಣದ ಜಾಲರಿ ಹಾಕಿಸುವ ಉತ್ಸಾಹದಲ್ಲಿದ್ದಾರೆ. ಯಾರ ಉದ್ದೇಶವೂ ಕೆಟ್ಟದ್ದಲ್ಲ, ಆದರೂ ನನಗೆ ಇದು ಸರಿಯೆಂದು ಅನ್ನಿಸುತ್ತಿಲ್ಲ. ಗ್ರಾಮಸಭೆ ಸೇರುವ ಮೊದಲು ಬಲ್ಲವರ ಅಭಿಪ್ರಾಯ ತಿಳಿಯಬೇಕಾಗಿದೆ.

ನಿವೃತ್ತ ಇತಿಹಾಸ ಉಪನ್ಯಾಸಕ:

ನೀವು ವಿವರಿಸಿರುವುದು ತುರುಗೋಳಿನ ಕಲ್ಲು. ಶತ್ರುಗಳು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅವುಗಳನ್ನು ಬಿಡಿಸಲು ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ್ದು. ‘ತುಱುವಂ ಮಗುೞ್ಚಿ’ (ದನಗಳನ್ನು ಮರಳಿಸಿ) ಎಂಬ ಮಾತು ಇಂತಹ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ; ನಿಮ್ಮ ಕಲ್ಲಿನ ಸಾಲುಗಳಲ್ಲೂ ಅದನ್ನು ಹುಡುಕಿ ನೋಡಿ. ಊರಳಿವಿನಲ್ಲಿ (ಊರಿನ ಮೇಲಿನ ದಾಳಿ), ಪೆಣ್ಬುಯ್ಯಲಿನಲ್ಲಿ (ಹೆಣ್ಣುಮಕ್ಕಳ ಮಾನರಕ್ಷಣೆಯ ಹೋರಾಟ), ಗಡಿ ಕಾಳಗದಲ್ಲಿ ಸತ್ತವರಿಗೂ ಕಲ್ಲು ನಿಲ್ಲಿಸಿದ್ದಾರೆ. ರಾಜರ ದಂಡಯಾತ್ರೆಗಳ ವಿವರ ತಾಮ್ರಪಟಗಳಲ್ಲಿ ಸಿಗುತ್ತದೆ, ಆದರೆ ಊರಿನ ಒಬ್ಬ ಸಾಮಾನ್ಯನು ಯಾವ ಕಾರಣಕ್ಕೆ, ಯಾರ ಪರವಾಗಿ ಪ್ರಾಣ ಕೊಟ್ಟನೆಂಬುದು ಹೆಚ್ಚಾಗಿ ಇಂತಹ ಕಲ್ಲುಗಳಲ್ಲಿ ಮಾತ್ರ ಉಳಿದಿದೆ.

ಹಾಗಾಗಿ ಕಲ್ಲು ನಿಂತಿರುವ ಜಾಗವೂ ದಾಖಲೆಯ ಒಂದು ಭಾಗವೇ. ದನಗಳು ನೀರಿಗೆ ಬರುವ ದಾರಿಯಲ್ಲಿಯೋ, ಊರ ಗಡಿಯಲ್ಲಿಯೋ, ಕೆರೆಯ ಬಳಿಯೋ ಕಲ್ಲು ನಿಂತಿದ್ದರೆ ಅದಕ್ಕೆ ಕಾರಣವಿರಬಹುದು. ಕಲ್ಲಿನ ಸುತ್ತ ಇನ್ನೂ ಕಲ್ಲುಗಳು ಹೂತಿರಬಹುದು, ಏಕೆಂದರೆ ಅನೇಕ ಕಡೆ ಇವು ಗುಂಪಾಗಿ ಸಿಗುತ್ತವೆ. ಗ್ರಾಮಸಭೆಯವರೆಗೆ ಅಲ್ಲಿ ಯಂತ್ರವನ್ನು ಇಳಿಸದಂತೆ ನೋಡಿಕೊಳ್ಳಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಬೇಗೂರಿನ ನಿವಾಸಿ:

ಸ್ಥಳಾಂತರದ ಲಾಭ ನಷ್ಟಗಳೆರಡನ್ನೂ ನಮ್ಮೂರಿನಲ್ಲೇ ನೋಡಬಹುದು. ಬೇಗೂರು ಈಗ ಬೆಂಗಳೂರು ನಗರದೊಳಗೆ ಸೇರಿಹೋಗಿದೆ, ಆದರೆ ಗಂಗರ ಕಾಲದಲ್ಲಿ ಅದು ಬೆಂಪೂರು-12 ಎಂಬ, ಹನ್ನೆರಡು ಹಳ್ಳಿಗಳ ಆಡಳಿತ ವಿಭಾಗದ ಕೇಂದ್ರವಾಗಿತ್ತು. ಅಲ್ಲಿಯ ಪ್ರಸಿದ್ಧ ವೀರಗಲ್ಲುಗಳಲ್ಲಿ ಒಂದು ಇಂದು ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳಿಂದ ತುಂಬಿದ ಇಡೀ ಯುದ್ಧಭೂಮಿಯೇ ಆ ಒಂದು ಕಲ್ಲಿನ ಮೇಲಿದೆ. ಗಂಗ ಅರಸ ಎರೆಯಪ್ಪನು ಅಯ್ಯಪದೇವನ ನೆರವಿಗಾಗಿ ನಾಗತ್ತರನನ್ನು ದಂಡಿನೊಡನೆ ಕಳುಹಿಸಿದನೆಂದೂ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಾಡಿ ನಾಗತ್ತರನು ಮಡಿದನೆಂದೂ, ಅನಂತರ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು-12ನ್ನು ಕಲ್ನಾಡಾಗಿ (ಮಡಿದ ವೀರನ ನೆನಪಿಗೆ ಕೊಡುವ ಭೂದಾನ) ಕೊಟ್ಟನೆಂದೂ ಅದರಲ್ಲಿ ಬರೆದಿದೆ. ಆ ವಿಭಾಗಕ್ಕೆ ಸೇರಿದ ಹಳ್ಳಿಗಳ ಹೆಸರುಗಳೂ ಇವೆ.

ಇನ್ನೊಂದು ಕಲ್ಲು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲೇ ಉಳಿದಿದೆ. ಸುಮಾರು ಸಾ.ಶ. 890ರದು. ‘ಬೆಂಗಳೂರು ಕಾಳಗ’ದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಸಂಗತಿಯನ್ನು ಅದು ಹೇಳುತ್ತದೆ. ಬೆಂಗಳೂರು ಎಂಬ ಊರಿನ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದೆಯೇ ಬಳಕೆಯಲ್ಲಿತ್ತೆಂದು ತೋರಿಸುವ ಕಲ್ಲು ಅದು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಇದನ್ನು ಗುರುತಿಸಿ ಪ್ರಕಟಿಸಿದ್ದು 20ನೆಯ ಶತಮಾನದ ಆರಂಭದ ದಶಕಗಳಲ್ಲಿ. ವಸ್ತುಸಂಗ್ರಹಾಲಯದ ಕಲ್ಲು ಸುಭದ್ರವಾಗಿದೆ, ನಿಜ. ಆದರೆ ಅದು ಬೇಗೂರಿನದೆಂದು ನಮ್ಮೂರಿನ ಬಹಳ ಮಂದಿಗೆ ತಿಳಿಯದು. ಆವರಣದಲ್ಲಿ ಉಳಿದ ಚಿಕ್ಕ ಶಾಸನವನ್ನು ನೋಡಲು ಶಾಲೆಯ ಮಕ್ಕಳೂ ದೂರದ ಆಸಕ್ತರೂ ಬರುತ್ತಾರೆ, ಬಂದವರಿಗೆ ದಾರಿ ತೋರಿಸುವವರು ಊರಿನವರೇ.

ನಗರವಾಸಿ ಓದುಗ:

ನನ್ನ ಅಭಿಪ್ರಾಯ ಬೇರೆ. ಜಾಗ ಮುಖ್ಯವೆಂಬುದನ್ನು ಒಪ್ಪುತ್ತೇನೆ, ಆದರೆ ಕಲ್ಲೇ ಉಳಿಯದಿದ್ದರೆ ಜಾಗವನ್ನು ಇಟ್ಟುಕೊಂಡು ಏನು ಮಾಡುವುದು? ವೀರಗಲ್ಲುಗಳು ಚರಂಡಿಯ ಮೇಲಿನ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಗೋಡೆಯಲ್ಲಿ ತಲೆಕೆಳಗಾಗಿ ಸೇರಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ನಿಧಿಯ ಆಸೆಯಿಂದ ರಾತ್ರಿ ಬುಡ ಅಗೆದು ಕಲ್ಲನ್ನು ಎರಡು ತುಂಡು ಮಾಡಿದ ಪ್ರಕರಣಗಳೂ ಇವೆ. 1865ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬೇಗೂರಿನ ಕಲ್ಲೂ ಆತಕೂರಿನ ಕಲ್ಲೂ ಸೇರದೇ ಹೋಗಿದ್ದರೆ ಅವು ಇಂದು ಯಾವ ಸ್ಥಿತಿಯಲ್ಲಿರುತ್ತಿದ್ದವೋ ಹೇಳಲಾಗದು. ಊರಿನ ಅಭಿಮಾನಕ್ಕಿಂತ ಕಲ್ಲಿನ ಆಯುಷ್ಯ ದೊಡ್ಡದು.

ನಿವೃತ್ತ ಇತಿಹಾಸ ಉಪನ್ಯಾಸಕ:

ಆತಕೂರಿನ ಹೆಸರನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಸಂರಕ್ಷಣೆಯ ಬಗ್ಗೆ ಆ ಕಲ್ಲೇ ಒಂದು ಮಾತು ಹೇಳುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಶಾಸನ ಸಾ.ಶ. 949-50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಹೋರಾಡಿದ್ದು, ಗಂಗ ಬೂತುಗನು ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಪ್ರತಿಫಲವಾಗಿ ಬನವಾಸಿ-12000 ಮೊದಲಾದ ನಾಡುಗಳನ್ನು ಪಡೆದದ್ದು ಎಲ್ಲವೂ ಅದರಲ್ಲಿದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ. ತಕ್ಕೋಲದಲ್ಲಿ ಪರಾಕ್ರಮ ತೋರಿದ ಮಣಲೆರನು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದರೊಡನೆ ಸೆಣಸಿತು, ಎರಡೂ ಸತ್ತವು. ಆ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ಈಗ ಮುಖ್ಯ ಸಂಗತಿ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು (ಶೈವ ಅರ್ಚಕ) ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನವೇ ವಿಧಿಸುತ್ತದೆ. ಸ್ಮಾರಕವೊಂದನ್ನು ನಿಲ್ಲಿಸಿದವರು ಅದನ್ನು ನೋಡಿಕೊಳ್ಳಬೇಕಾದವನು ಯಾರು, ಅವನ ಜೀವನಕ್ಕೆ ಆಧಾರವೇನು, ತಪ್ಪಿದರೆ ಏನೆಂಬುದನ್ನೂ ಅಲ್ಲಿಯೇ ಬರೆದಿಟ್ಟರು. ಕಲ್ನಾಡು, ಬಾಳ್ಗಳ್ಚು, ನೆತ್ತರುಕೊಡಗಿ ಎಂಬ ಭೂದಾನಗಳೂ ಸತ್ತವನ ಕುಟುಂಬವನ್ನು ಊರಿನಲ್ಲಿ ನಿಲ್ಲಿಸಿದವು, ಅದರಿಂದಲೇ ಕಲ್ಲಿನ ಆರೈಕೆಯೂ ನಡೆಯಿತು. ‘ಸ್ವದತ್ತಾಂ ಪರದತ್ತಾಂ ವಾ’ ಎಂದು ಆರಂಭವಾಗುವ ಶಾಪಶ್ಲೋಕವಾಗಲಿ, ವಾರಣಾಸಿಯಲ್ಲಿ ಕವಿಲೆಗಳನ್ನು (ಹಸುಗಳನ್ನು) ಕೊಂದ ಪಾಪದ ಮಾತಾಗಲಿ ಬರಿಯ ಅಲಂಕಾರವಲ್ಲ. ಪೊಲೀಸು, ಇಲಾಖೆಗಳಿಲ್ಲದ ಕಾಲದ ರಕ್ಷಣಾ ವ್ಯವಸ್ಥೆ ಅದು. ಆ ವ್ಯವಸ್ಥೆ ಕಳಚಿದ ಮೇಲೆ ಕಲ್ಲುಗಳು ಅನಾಥವಾದವು. ವಸ್ತುಸಂಗ್ರಹಾಲಯದ ಬಗ್ಗೆ ನನಗೆ ಯಾವ ವಿರೋಧವೂ ಇಲ್ಲ, ಆದರೆ ನಾಡಿನ ಅಸಂಖ್ಯ ವೀರಗಲ್ಲುಗಳನ್ನು ಅಲ್ಲಿಗೆ ಸಾಗಿಸಿ ಇಡುವಷ್ಟು ಜಾಗ ಯಾವ ಸರ್ಕಾರದ ಬಳಿಯೂ ಇಲ್ಲ. ಊರೂರಿಗೊಬ್ಬ ಹೊಣೆಗಾರ ಇಲ್ಲದೆ ಇದು ಸಾಗುವ ಕೆಲಸವಲ್ಲ.

ಹಳೇಪೇಟೆ:

ವಿಷಯ ಸ್ವಲ್ಪ ಅಡ್ಡ ಹೋದರೆ ಕ್ಷಮಿಸಿ. ಯುದ್ಧಸ್ಮಾರಕವೆಂದ ಮಾತ್ರಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಬೇಕೆ? 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಕೋಟೆಯನ್ನು ಮುತ್ತಿದಾಗ ಸತ್ತ ಬ್ರಿಟಿಷರ ನೆನಪಿಗೆ ಇಂದಿನ ಹಡ್ಸನ್ ವೃತ್ತದ ಬಳಿ ಒಂದು ಸ್ತಂಭವಿತ್ತು. ಇಂದಿನ ನೃಪತುಂಗ ರಸ್ತೆಯನ್ನು ಆಗ ಸೆನೊಟಾಫ್ (ಸ್ಮಾರಕಸ್ತಂಭ) ರಸ್ತೆ ಎಂದೇ ಕರೆಯುತ್ತಿದ್ದರು. ಕನ್ನಡಪರ ಹೋರಾಟಗಾರರ ಒತ್ತಾಯದ ನಂತರ 1964ರಲ್ಲಿ ಅದನ್ನು ತೆಗೆದರು. ಕೋಟೆಯನ್ನು ಕಾಯಲು ಹೋರಾಡಿ ಸತ್ತ ಮೈಸೂರಿನ ಸೈನಿಕರಿಗೆ ಅಲ್ಲಿ ಒಂದು ಕಲ್ಲೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ನಿವೃತ್ತ ಇತಿಹಾಸ ಉಪನ್ಯಾಸಕ:

ತೆಗೆದದ್ದಕ್ಕೆ ಕಾರಣವಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ತೆಗೆಯುವ ಬದಲು ಎದುರಿಗೆ ಮೈಸೂರಿನವರ ಹೆಸರಿನಲ್ಲಿ ಇನ್ನೊಂದನ್ನು ನಿಲ್ಲಿಸಿದ್ದರೆ ನಗರದ ಇತಿಹಾಸಕ್ಕೆ ಎರಡು ಸಾಕ್ಷಿಗಳು ಉಳಿಯುತ್ತಿದ್ದವೆಂದು ನಾನು ಭಾವಿಸುತ್ತೇನೆ. ಆದರೆ ಕೆರೆಬಯಲಿನವರ ಕಲ್ಲಿಗೆ ಆ ಜಗಳವಿಲ್ಲ. ದನ ಬಿಡಿಸಲು ಹೋದವನ ಬಗ್ಗೆ ಊರಿನಲ್ಲಿ ಎರಡು ಪಕ್ಷಗಳಿಲ್ಲ.

ಕಟ್ಟಡ ಸಂರಕ್ಷಣೆಯ ಎಂಜಿನಿಯರ್:

ಬಣ್ಣ ಮತ್ತು ಸಿಮೆಂಟಿನ ವಿಷಯ ಬಂದಿರುವುದರಿಂದ ತಡಮಾಡದೆ ಹೇಳಬೇಕು. ದಯವಿಟ್ಟು ಕಲ್ಲಿಗೆ ಎಣ್ಣೆಬಣ್ಣ ಬಳಿಯಬೇಡಿ, ಬೆಳ್ಳಿಬಣ್ಣವನ್ನಂತೂ ಬೇಡವೇ ಬೇಡ. ಬಣ್ಣದ ಪದರವು ಅಕ್ಷರಗಳ ಗೀರುಗಳನ್ನು ತುಂಬಿಬಿಡುತ್ತದೆ. ಕಲ್ಲಿನೊಳಗಿನ ತೇವ ಹೊರಬರಲು ದಾರಿಯಿಲ್ಲದೆ ಮೇಲ್ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ನಿಮ್ಮದು ಬಳಪದ ಕಲ್ಲಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಹಿಂದೆ ಯಾರೋ ಬಳಿದ ಸುಣ್ಣವಿದ್ದರೆ ಅದನ್ನು ತೆಗೆಯಲು ಆಮ್ಲ, ತಂತಿಯ ಬ್ರಷ್, ಮರಳು ಹೊಡೆಯುವ ಯಂತ್ರ ಯಾವುದನ್ನೂ ಬಳಸಬಾರದು. ಮೃದುವಾದ ನಾರಿನ ಬ್ರಷ್ ಮತ್ತು ಶುದ್ಧ ನೀರು ಸಾಕು. ಅದಕ್ಕೆ ಹೋಗದ್ದನ್ನು ತಜ್ಞರಿಗೆ ಬಿಡಿ.

ಸಿಮೆಂಟಿನ ಕಟ್ಟೆಯ ತೊಂದರೆ ಬೇಗ ಕಾಣುವುದಿಲ್ಲ. ಕಲ್ಲಿನ ಬುಡವನ್ನು ಸಿಮೆಂಟಿನಲ್ಲಿ ಹೂತರೆ ನೀರು ಅಲ್ಲಿಯೇ ನಿಂತು ಲವಣಗಳು ಕಲ್ಲಿನೊಳಗೆ ಏರುತ್ತವೆ, ಒಣಗುವಾಗ ಹರಳುಗಟ್ಟಿ ಬುಡದ ಪದರವನ್ನು ಒಡೆಯುತ್ತವೆ. ಮುಂದೆ ಕಲ್ಲನ್ನು ಬಿಡಿಸಬೇಕಾದರೆ ಬುಡವನ್ನು ಮುರಿಯದೆ ದಾರಿಯಿಲ್ಲ. ನಿಮ್ಮ ಶಾಸನದ ಕೊನೆಯ ಸಾಲು ಮಣ್ಣಿನಲ್ಲಿದೆ ಎಂದಿರಿ; ಸಿಮೆಂಟು ಹಾಕಿದರೆ ಆ ಸಾಲು ಶಾಶ್ವತವಾಗಿ ಹೋದಂತೆಯೇ. ಏರಿಯ ಕೆಳಗೆ ತೇವ ಸಹಜವಾದ್ದರಿಂದ ಸುತ್ತಲೂ ಜಲ್ಲಿ ತುಂಬಿದ ಸಣ್ಣ ಕಾಲುವೆ ತೋಡಿ ನೀರು ಹರಿದುಹೋಗುವಂತೆ ಮಾಡುವುದು ಜಾಲರಿಗಿಂತ ಉಪಯುಕ್ತ. ರಸ್ತೆಯ ಕಡೆಗೆ ವಾಹನ ತಾಗದಂತೆ ಮೊಣಕಾಲೆತ್ತರದ ಕಲ್ಲುಗೂಟಗಳಿದ್ದರೆ ಸಾಕು. ಎತ್ತರದ ಜಾಲರಿ ಹಾಕಿದರೆ ಪೂಜೆಗೆ ಬರುವವರು ಬರುವುದನ್ನು ನಿಲ್ಲಿಸುತ್ತಾರೆ, ಗಿಡ ಬೆಳೆಯುತ್ತದೆ, ಆಮೇಲೆ ಕಸ ಎಸೆಯುವ ಜಾಗವಾಗುತ್ತದೆ.

ಎಣ್ಣೆಯ ಮಾತು ಸೂಕ್ಷ್ಮವಾದದ್ದು. ವರ್ಷಕ್ಕೊಮ್ಮೆಯ ಪೂಜೆಯನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ, ಏಕೆಂದರೆ ಇಷ್ಟು ಕಾಲ ಆ ಕಲ್ಲನ್ನು ಉಳಿಸಿದ್ದು ಆ ಪೂಜೆಯೇ. ದೀಪವನ್ನು ಕಲ್ಲಿನ ಮೈಗೆ ತಾಗಿಸದೆ ಮುಂದೆ ಒಂದು ಸಣ್ಣ ಪೀಠದ ಮೇಲೆ ಇಡುವಂತೆ, ಎಣ್ಣೆಯನ್ನು ಅಕ್ಷರಗಳಿರುವ ಪಟ್ಟಿಗೆ ಹಚ್ಚದಂತೆ ಹಿರಿಯರೊಡನೆ ಮಾತಾಡಿ.

ಕೆರೆಬಯಲು:

ಎಲ್ಲರಿಗೂ ಧನ್ಯವಾದಗಳು. ನಮ್ಮ ತಾತನ ಕಾಲದವರು ಎಣ್ಣೆಯನ್ನು ವೀರನ ಆಕೃತಿಗಷ್ಟೇ ಹಚ್ಚುತ್ತಿದ್ದರೆಂದು ಊರಿನ ಹಿರಿಯರೊಬ್ಬರು ತಾವಾಗಿಯೇ ಹೇಳಿದರು, ಆದ್ದರಿಂದ ಆ ವಿಷಯದಲ್ಲಿ ವಿರೋಧ ಬರಲಾರದು. ಕಲ್ಲಿನ ಮೇಲೆ ಸುಣ್ಣದ ಪುಡಿ ಉಜ್ಜಿ ಅಕ್ಷರಗಳ ಚಿತ್ರ ತೆಗೆಯೋಣವೆಂದು ಸಂಘದ ಹುಡುಗರು ಕೇಳುತ್ತಿದ್ದಾರೆ. ಅದು ಸರಿಯೆ? ಇನ್ನೊಂದು ಪ್ರಶ್ನೆ, ಈ ಕಲ್ಲು ಕಾನೂನಿನಂತೆ ಯಾರದು?

ಶಾಸನಾಸಕ್ತೆ:

ಪುಡಿ ಉಜ್ಜಬೇಡಿ. ರಾತ್ರಿ ಹೊತ್ತು ಒಂದು ಟಾರ್ಚನ್ನು ಕಲ್ಲಿನ ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ಹಿಡಿದರೆ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬೀಳಿಸಿ ಪ್ರತಿ ಸಾಲಿಗೂ ಬೇರೆ ಬೇರೆ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಕಾಗದದ ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಂದಲೇ ಮಾಡಿಸಿ. 1909ರಲ್ಲಿ ಆರಂಭವಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ನಡೆಸುತ್ತಿದೆ. ಕಲ್ಲನ್ನು ಮುಟ್ಟದೆಯೇ ಓದಲು ಅದು ಬಹಳ ಸಹಾಯಕ. ನಿಮ್ಮ ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಗಳ ಗ್ರಂಥಮಾಲೆಯ ಸಂಪುಟದಲ್ಲಿ ಪ್ರಕಟವಾಗಿರುತ್ತವೆ. ಆ ಮಾಲೆಯನ್ನು ಆರಂಭಿಸಿದ ಬಿ. ಎಲ್. ರೈಸ್ ಅವರ ಕಾಲದಲ್ಲೇ ನಿಮ್ಮ ಕಲ್ಲನ್ನು ಓದಿದ್ದರೆ, ಇಂದು ಸವೆದ ಅಕ್ಷರಗಳು ಅಂದು ಹೇಗಿದ್ದವೆಂಬುದೂ ಸಿಕ್ಕೀತು. ಮೊದಲು ಅದನ್ನು ಹುಡುಕಿ.

ಹೆಬ್ಬಾಳದ ಉದಾಹರಣೆಯನ್ನು ನಿಮ್ಮ ಸಂಘದವರಿಗೆ ಹೇಳಿ. 2018ರಲ್ಲಿ ಚರಂಡಿಯ ಕೆಲಸ ನಡೆಯುತ್ತಿದ್ದಾಗ ಅಲ್ಲೊಂದು ಕಲ್ಲು ಗಮನಕ್ಕೆ ಬಂತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಸಾ.ಶ. 750ರದು, ಪೆರ್ಬೊಳಲ್ನಾಡಿನ ಕಿತ್ತಯ್ಯನೆಂಬ ವೀರನ ನೆನಪಿನ ಶಾಸನ. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದೆಂದು ತಿಳಿದ ಮೇಲೆ ಊರಿನವರೂ ಶಾಸನಾಸಕ್ತರೂ ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು. ಅಲ್ಲಿಯವರೆಗೆ ಅದು ರಸ್ತೆಯ ಬದಿಯ ಇನ್ನೊಂದು ಕಲ್ಲಷ್ಟೇ. ಓದಿ ಹೇಳಿದ್ದರಿಂದಲೇ ಅದು ಉಳಿಯಿತು.

ಕಂದಾಯ ಇಲಾಖೆಯ ನಿವೃತ್ತ ನೌಕರ:

ಕಾನೂನಿನ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಅವುಗಳ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯದ ಮಟ್ಟದಲ್ಲಿ 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯಿದೆ ಇದೆ, ಅದರಂತೆ ಸಂರಕ್ಷಿತ ಸ್ಮಾರಕವೆಂದು ಘೋಷಿಸಲು ರಾಜ್ಯ ಪುರಾತತ್ವ ಇಲಾಖೆಯ ಮೂಲಕ ಪ್ರಸ್ತಾವ ಹೋಗಬೇಕು. ನಿಜ ಹೇಳುವುದಾದರೆ, ಹಳ್ಳಿಗಳ ವೀರಗಲ್ಲುಗಳಲ್ಲಿ ಬಹುಪಾಲು ಈ ಎರಡು ಪಟ್ಟಿಗಳ ಹೊರಗಿವೆ. ಹಾಗೆಂದು ಅವು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಕಲ್ಲುಗಳಲ್ಲ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು 1972ರ ಕಾಯಿದೆಯಂತೆ ಪುರಾತನ ವಸ್ತುಗಳು. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಆದರೆ ಅಧಿಸೂಚನೆಯನ್ನು ಕಾಯುತ್ತ ಕುಳಿತರೆ ರಸ್ತೆ ಮುಗಿದುಹೋಗುತ್ತದೆ. ನಿಮ್ಮ ಕೈಯಲ್ಲಿ ಈಗಲೇ ಆಗುವ ಕೆಲಸವೆಂದರೆ ಕಲ್ಲನ್ನು ಕಾಗದಕ್ಕೆ ತರುವುದು. ಕಲ್ಲು ಇರುವ ಜಾಗದ ಸರ್ವೆ ನಂಬರ್ ಯಾವುದು, ಅದು ಕೆರೆಯ ಅಂಗಳವೋ, ಖರಾಬೋ, ಖಾಸಗಿ ಹಿಡುವಳಿಯೋ ಎಂಬುದನ್ನು ಪಹಣಿ ಮತ್ತು ಗ್ರಾಮ ನಕ್ಷೆ ನೋಡಿ ಖಚಿತಪಡಿಸಿಕೊಳ್ಳಿ. ರಸ್ತೆಯ ಅಂದಾಜುಪಟ್ಟಿಯ ಜೊತೆಗಿನ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಿರಿ. ನನ್ನ ಅನುಭವದಲ್ಲಿ ಇಂತಹ ಕಲ್ಲುಗಳು ನಕ್ಷೆಯಲ್ಲಿ ಇರುವುದೇ ಇಲ್ಲ. ಎಂಜಿನಿಯರಿಗೆ ಗೊತ್ತಾಗುವುದು ಯಂತ್ರದ ಚಾಲಕ ಫೋನ್ ಮಾಡಿದಾಗ. ನಕ್ಷೆಯಲ್ಲಿ ಒಂದು ಗುರುತು ಬಿದ್ದರೆ ರಸ್ತೆಯ ಅಂಚನ್ನು ಸ್ವಲ್ಪ ಆಚೆಗೆ ಸರಿಸುವುದು ಅಸಾಧ್ಯವೇನಲ್ಲ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಛಾಯಾಚಿತ್ರಗಳ ಸಹಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರಲಿ; ಬಾಯಿಮಾತಿನ ಒಪ್ಪಿಗೆ ಸಭೆಯ ಕುರ್ಚಿಗಳೊಂದಿಗೇ ಮಡಚಿಹೋಗುತ್ತದೆ.

ನಗರವಾಸಿ ಓದುಗ:

ಇಷ್ಟೆಲ್ಲ ವ್ಯವಸ್ಥೆ ಆಗುವುದಾದರೆ ಕಲ್ಲು ಅಲ್ಲಿಯೇ ಇರಲಿ ಎಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಆಗದಿದ್ದರೆ ಮಾತ್ರ ನನ್ನ ಮಾತನ್ನು ನೆನಪಿಡಿ. ಏರಿ ಒಡೆಯುವ ಭಯವಿದ್ದರೆ ಅಥವಾ ತೂಬಿನ ದುರಸ್ತಿಗೆ ನಿಜವಾಗಿಯೂ ಜಾಗ ಬೇಕಾದರೆ ಆಗಲೂ ಕಲ್ಲನ್ನು ಕದಲಿಸಬಾರದೆಂದು ಹಟ ಹಿಡಿಯುವುದು ಕಲ್ಲಿಗೇ ಅಪಾಯ.

ಕೆರೆಬಯಲು:

ಗ್ರಾಮಸಭೆಗೆ ಒಂದು ಕರಡು ನಿರ್ಣಯ ಬರೆದಿದ್ದೇನೆ. “ಕೆರೆ ಏರಿಯ ಕೆಳಗಿರುವ ವೀರಗಲ್ಲು ಗ್ರಾಮದ ಸಾರ್ವಜನಿಕ ಸ್ವತ್ತಾಗಿದ್ದು, ಅದನ್ನು ಸ್ಥಳಾಂತರಿಸಬಾರದು, ಬಣ್ಣ ಬಳಿಯಬಾರದು, ಬುಡಕ್ಕೆ ಸಿಮೆಂಟು ಹಾಕಬಾರದು, ರಸ್ತೆಯ ನಕ್ಷೆಯಲ್ಲಿ ಅದನ್ನು ಗುರುತಿಸಿ ಕಾಮಗಾರಿ ನಡೆಸಬೇಕು, ಅದರ ನಿರ್ವಹಣೆಯನ್ನು ಯುವಕ ಸಂಘಕ್ಕೆ ವಹಿಸಲಾಗಿದೆ.” ಬಣ್ಣದ ಡಬ್ಬಿಗಳನ್ನು ಈಗಾಗಲೇ ತಂದಿದ್ದ ಸಂಘದವರು ಅವುಗಳನ್ನು ಶಾಲೆಯ ಗೇಟಿಗೆ ಬಳಸುತ್ತಾರಂತೆ. ತಿದ್ದುಪಡಿಗಳಿದ್ದರೆ ತಿಳಿಸಿ.

ಕಂದಾಯ ಇಲಾಖೆಯ ನಿವೃತ್ತ ನೌಕರ:

‘ಸ್ಥಳಾಂತರಿಸಬಾರದು’ ಎಂಬುದರ ಮೊದಲು ‘ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ’ ಎಂದು ಸೇರಿಸಿ. ನಗರವಾಸಿ ಓದುಗರು ಹೇಳಿದ ಸಂದರ್ಭ ಬಂದರೆ ದಾರಿ ತೆರೆದಿರುತ್ತದೆ, ಮತ್ತು ಆ ನಿರ್ಧಾರ ಗುತ್ತಿಗೆದಾರರ ಕೈಯಲ್ಲಿ ಇರುವುದಿಲ್ಲ. ಸರ್ವೆ ನಂಬರ್, ಕಲ್ಲಿನ ಎತ್ತರ ಅಗಲ, ತೂಬಿನಿಂದ ಇರುವ ದೂರ ಇವುಗಳನ್ನು ನಿರ್ಣಯದೊಳಗೇ ಬರೆಯಿರಿ. ಸಂಘದ ಪದಾಧಿಕಾರಿಗಳು ಬದಲಾಗುತ್ತಿರುತ್ತಾರೆ, ಆದ್ದರಿಂದ ವರ್ಷಕ್ಕೊಮ್ಮೆ ಕಲ್ಲಿನ ಸ್ಥಿತಿಯ ವರದಿಯನ್ನು ಛಾಯಾಚಿತ್ರದೊಡನೆ ಪಂಚಾಯಿತಿಗೆ ಕೊಡಬೇಕೆಂಬ ಒಂದು ಸಾಲೂ ಇರಲಿ.

ನಿವೃತ್ತ ಇತಿಹಾಸ ಉಪನ್ಯಾಸಕ:

ಆ ವರದಿಯ ದಿನವನ್ನು ಯುಗಾದಿಗೇ ಇಡಿ, ಪೂಜೆಗೆಂದು ಹೇಗೂ ಎಲ್ಲರೂ ಅಲ್ಲಿ ಸೇರಿರುತ್ತಾರೆ. ಕೊನೆಯ ಸಾಲಿನ ಮಣ್ಣನ್ನು ಮಾತ್ರ ನೀವು ತೆಗೆಯಬೇಡಿ. ಇಲಾಖೆಯವರು ಬಂದಾಗ ಅವರ ಎದುರಿಗೇ ಬಿಡಿಸಿ, ಓದಿದ ಪಾಠವನ್ನು ಇಲ್ಲಿ ಹಾಕಿ. ಆ ವೀರನ ಹೆಸರೂ ಅವನನ್ನು ಕಳುಹಿಸಿದವರ ಹೆಸರೂ ಬಹುಶಃ ಅಲ್ಲಿಯೇ ಇರುತ್ತವೆ.